ಹೆಬ್ಬಾಳ ದಾಟಿದರೂ ಬಿಸಿಯಾಗದ ಎಂಜಿನ್

ಜನವರಿ ತಿಂಗಳು, ಬೆಳಿಗ್ಗೆ ಏಳೂವರೆ. ಮಲ್ಲೇಶ್ವರದಿಂದ ದೇವನಹಳ್ಳಿ ಕಡೆ ಹೊರಟಿದ್ದೆ. ಹೆಬ್ಬಾಳದ ಜಾಮ್‌ನಲ್ಲಿ ಹತ್ತು ನಿಮಿಷ ತೆವಳುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆದ್ದು ನಡುಮಧ್ಯಕ್ಕೆ ಬಂದು ನಿಂತಿತು. ಫ್ಲೈಓವರ್ ದಾಟಿ ಏರ್‌ಪೋರ್ಟ್ ರಸ್ತೆಯ ಎತ್ತರದ ಹಾದಿಗೆ ಹತ್ತಿದೆ. ವೇಗ 80. ಎರಡು ಮೂರು ನಿಮಿಷದಲ್ಲಿ ಮುಳ್ಳು ಮತ್ತೆ ಕೆಳಗಿಳಿಯಿತು.

ಜಾಮ್‌ನಲ್ಲಿ ಬಿಸಿ, ಓಡುವಾಗ ತಣ್ಣಗೆ. ಗಟ್ಟಿಮುಟ್ಟಾದ ಎಂಜಿನ್ ಹೀಗೆ ಮಾಡುವುದಿಲ್ಲ. ಒಮ್ಮೆ ಬಿಸಿಯಾದ ಮೇಲೆ ಗಾಡಿ ನಿಂತಿರಲಿ, ಓಡಲಿ, ಅದರ ಬಿಸಿ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಬೇಕು.

ಆರು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಅದು. ಮೊದಮೊದಲು ಗೊತ್ತಾಗಲಿಲ್ಲ. ಚಳಿ ಬಿದ್ದ ಮೇಲೆ ಗೊತ್ತಾಯಿತು. ಮೈಲೇಜ್ ಇಳಿದಿತ್ತು, ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಬರುತ್ತಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಡೀಸೆಲ್ ಗಾಡಿ ಅಲ್ವಾ, ಬಿಸಿಯಾಗೋದು ನಿಧಾನವೇ.

ಆ ಮಾತಿನಲ್ಲಿ ನಿಜ ಇದೆ. ಅದಕ್ಕೇ ಈ ತೊಂದರೆಯನ್ನು ಹಿಡಿಯುವುದು ಕಷ್ಟ. ಮೊದಲು ಆ ನಿಜ ಎಷ್ಟು ಅಂತ ನೋಡೋಣ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದಾಗ, ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟು ಕೆಲಸಕ್ಕೆ ಬಂತು. ಆ ಕಾಲದ ಹಬೆ ಎಂಜಿನ್‌ಗಳಿಗೆ ಅದರ ಅರ್ಧವನ್ನು ಮುಟ್ಟುವುದೂ ಕಷ್ಟವಿತ್ತು. ಇವತ್ತಿನ ಒಳ್ಳೆಯ ಡೀಸೆಲ್ ಕಾರು ಶೇಕಡಾ 40ರ ಹತ್ತಿರ ಹೋಗುತ್ತದೆ. ಕೆಲಸಕ್ಕೆ ಹೋಗುವ ಪಾಲು ಹೆಚ್ಚಿದಷ್ಟೂ ಬಿಸಿಯಾಗಿ ಉಳಿಯುವ ಪಾಲು ಕಡಿಮೆ. ಇನ್ನೊಂದು ಕಾರಣ ಗಾಳಿ. ಪೆಟ್ರೋಲ್ ಎಂಜಿನ್ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿಯನ್ನು ಅಳೆದು ಎಳೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ ಹಾಗೆ ಅಳೆಯುವುದಿಲ್ಲ. ಸುಮ್ನೆ ನಿಂತು ಓಡುವಾಗ ಅದು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ಎಳೆದು, ಅದನ್ನೂ ಬಿಸಿ ಮಾಡಿ, ಸೈಲೆನ್ಸರ್‌ನಿಂದ ಹೊರಗೆ ಬಿಡುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿದೆ. ನೂರಾ ಮೂವತ್ತು ಕಿಲೋದಷ್ಟು ಕಬ್ಬಿಣ, ಅಲ್ಯೂಮಿನಿಯಂ, ಆರು ಲೀಟರ್ ಕೂಲಂಟ್ (ಎಂಜಿನ್ ಒಳಗೆ ಹರಿದು ಅದರ ಬಿಸಿಯನ್ನು ಹೊತ್ತೊಯ್ಯುವ ದ್ರವ), ನಾಲ್ಕು ಲೀಟರ್ ಆಯಿಲ್. ಇಷ್ಟನ್ನೂ 17 ಡಿಗ್ರಿಯಿಂದ 87 ಡಿಗ್ರಿಗೆ ಏರಿಸಲು ಸುಮಾರು 65 ಲಕ್ಷ ಜೂಲ್ (ಶಕ್ತಿಯ ಅಳತೆ) ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು ಸುಮಾರು 3.6 ಕೋಟಿ ಜೂಲ್. ಮನೆ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಗಂಟೆಗೆ ಅರ್ಧ ಲೀಟರ್ ಖರ್ಚು ಅಂದುಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲು ಎಂಜಿನ್ನಿಗೆ ಮತ್ತು ಕೂಲಂಟಿಗೆ ಸಿಕ್ಕರೆ ಗಂಟೆಗೆ 60 ಲಕ್ಷ ಜೂಲ್. ನಮ್ಮ ಬಾತ್‌ರೂಮಿನ 2 ಕಿಲೋವಾಟ್ ಗೀಸರ್ ಕೊಡುವುದು ಗಂಟೆಗೆ 72 ಲಕ್ಷ. ಅಂದರೆ ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಒಂದು ಗೀಸರ್‌ನಷ್ಟೂ ಬಿಸಿ ಮಾಡುವುದಿಲ್ಲ! ಬೆಳಿಗ್ಗೆ ಎದ್ದು ಗಾಡಿಯನ್ನು ಅರ್ಧ ಗಂಟೆ ಸುಮ್ನೆ ಓಡಿಸಿ ನಿಲ್ಲಿಸುವವರು ನಮ್ಮ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಬೇಡ. ಅದರಿಂದ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಹೊಗೆ ಮಾತ್ರ ಪಕ್ಕದ ಮನೆಗೆ ಹೋಗುತ್ತದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಟುಬಿಡಿ.

ಓಡುವಾಗ ಲೆಕ್ಕವೇ ಬೇರೆ. ಗಂಟೆಗೆ ಎರಡು ಲೀಟರ್ ಉರಿದರೆ ಅದೇ 65 ಲಕ್ಷ ಜೂಲ್ ಹೆಚ್ಚುಕಡಿಮೆ ಕಾಲು ಗಂಟೆಯಲ್ಲಿ ಸಿಗುತ್ತದೆ. ಬೆಂಗಳೂರಿನ ಚಳಿಗೆ ಡೀಸೆಲ್ ಕಾರು ಹತ್ತು ಹದಿನೈದು ನಿಮಿಷ ತೆಗೆದುಕೊಂಡರೆ ಅದು ಅದರ ಸ್ವಭಾವ. ಅರ್ಧ ಗಂಟೆ ಓಡಿದ ಮೇಲೂ ಬಿಸಿಯಾಗದಿದ್ದರೆ, ಬಿಸಿಯಾದದ್ದು ಮತ್ತೆ ತಣ್ಣಗಾದರೆ, ಅದು ರೋಗ.

ಇಂಥ ರೋಗಕ್ಕೆ ಮೊದಲು ಅನುಮಾನಿಸಬೇಕಾದ್ದು ಥರ್ಮೋಸ್ಟಾಟ್. ಹೆಸರು ದೊಡ್ಡದು, ವಸ್ತು ನಿಂಬೆಹಣ್ಣಿನಷ್ಟು. ಕೆರೆಗೆ ತೂಬು ಇದ್ದ ಹಾಗೆ ಇದು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ಕೂಲಂಟನ್ನು ರೇಡಿಯೇಟರ್‌ಗೆ (ಗಾಳಿಯಿಂದ ಅದನ್ನು ತಣ್ಣಗಾಗಿಸುವ ಜಾಲರಿಗೆ) ಬಿಡದೆ ಎಂಜಿನ್ ಒಳಗೇ ಸುತ್ತಿಸುತ್ತದೆ. ಬಿಸಿ ಸಾಕಷ್ಟು ಏರಿದ ಮೇಲೆ ತೆರೆಯುತ್ತದೆ. ತೆರೆಯುವುದಕ್ಕೆ ಕರೆಂಟ್ ಬೇಡ. ಒಳಗೆ ಪುಟ್ಟ ಹಿತ್ತಾಳೆ ಡಬ್ಬಿ ಇದೆ, ಅದರ ತುಂಬ ಮೇಣ. ಮೇಣ ಕರಗಿದಾಗ ಅದರ ಗಾತ್ರ ಶೇಕಡಾ 10ಕ್ಕೂ ಜಾಸ್ತಿ ಹಿಗ್ಗುತ್ತದೆ. ಹಿಗ್ಗಿದ ಮೇಣ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲನ್ನು ವಾಪಸ್ ಮುಚ್ಚುತ್ತದೆ. ಈ ಬಾಗಿಲು ತೆರೆದೇ ಇದ್ದುಬಿಟ್ಟರೆ ಕೂಲಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ಬರುತ್ತದೆ. ಜಾಮ್‌ನಲ್ಲಿ ರೇಡಿಯೇಟರ್‌ಗೆ ಗಾಳಿ ಇಲ್ಲ, ಮುಳ್ಳು ಏರುತ್ತದೆ. ಏರ್‌ಪೋರ್ಟ್ ರಸ್ತೆಯಲ್ಲಿ ಗಾಳಿ ಬೀಸಿ ಹೊಡೆಯುತ್ತದೆ, ಮುಳ್ಳು ಇಳಿಯುತ್ತದೆ.

ಆದರೆ ಅನುಮಾನ ಬಂದ ತಕ್ಷಣ ಸ್ಪೇರ್ ಪಾರ್ಟ್ ತಂದು ಹಾಕುವುದು ಸರಿಯಲ್ಲ. ಸೆನ್ಸರ್ ಕೆಟ್ಟಿದ್ದರೂ ಮುಳ್ಳು ಕೆಳಗೇ ಇರಬಹುದು. ರೇಡಿಯೇಟರ್‌ಗೆ ಗಾಳಿ ಬೀಸುವ ಫ್ಯಾನ್ ನಿಲ್ಲದೆ ತಿರುಗುತ್ತಿದ್ದರೂ ಎಂಜಿನ್ ತಣ್ಣಗೇ ಇರಬಹುದು. ಹಾಗಾಗಿ ಒಂದೊಂದಾಗಿ ನೋಡಿದೆ.

ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ. ಈಗಿನ ಕಾರುಗಳಲ್ಲಿ ಕೂಲಂಟ್ 75 ಇರಲಿ, 100 ಇರಲಿ, ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಓಡಿಸುವವರು ಸುಮ್ನೆ ಗಾಬರಿ ಬೀಳದಿರಲಿ ಅಂತ. ಅಂಥ ಮುಳ್ಳೂ ಕೆಳಗಿಳಿದರೆ ವಿಷಯ ಗಂಭೀರ ಅಂತಲೇ ಅರ್ಥ. ಸ್ಟಿಯರಿಂಗ್ ಕೆಳಗೆ ಕಾರಿನ ಕಂಪ್ಯೂಟರನ್ನು ಓದಲು ಇರುವ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಚಿಕ್ಕ ಸ್ಕ್ಯಾನರ್ ತಂದೆ. ಫೋನ್‌ನಲ್ಲಿ ಡಿಗ್ರಿ ನೇರ ಕಾಣುತ್ತದೆ. ರಾತ್ರಿಯಿಡೀ ನಿಂತಿದ್ದ ಗಾಡಿಯ ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲೇ ಎರಡು ಅಂಕಿ ನೋಡಿದೆ: ಕೂಲಂಟ್ 17, ಒಳಗೆ ಬರುವ ಗಾಳಿ 17. ಎರಡು ಬೇರೆ ಬೇರೆ ಸೆನ್ಸರ್ ಒಂದೇ ಮಾತು ಹೇಳಿದರೆ ಇಬ್ಬರು ಸಾಕ್ಷಿ ಸಿಕ್ಕ ಹಾಗೆ. ಅಲ್ಲಿಗೆ ಕೂಲಂಟ್ ಸೆನ್ಸರ್ ಮೇಲಿನ ಅನುಮಾನ ಬಹುಪಾಲು ಹೋಯಿತು.

ಎಸಿ ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಎಸಿ ಹಾಕಿದರೆ ಫ್ಯಾನ್ ತಾನಾಗಿ ತಿರುಗುತ್ತದೆ, ಪರೀಕ್ಷೆ ಕೆಡುತ್ತದೆ. ಫ್ಯಾನ್ ಸುಮ್ಮನಿತ್ತು. ಆಮೇಲೆ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪಿನ ಮೇಲೆ ಕೈ ಇಟ್ಟೆ. ಫ್ಯಾನ್‌ನಿಂದ ಕೈ ದೂರ ಇರಲಿ, ಬಿಸಿ ಗಾಡಿಯ ರೇಡಿಯೇಟರ್ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ. ನನ್ನ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಇರುವುದು ಈ ಪೈಪಿನ ಬುಡದಲ್ಲೇ. ಅದು ಮುಚ್ಚಿದ್ದರೆ ಪೈಪ್ ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಸುಡಬೇಕು. ನನ್ನ ಕೈಗೆ ಸಿಕ್ಕಿದ್ದು ಬೇರೆ. ಸ್ಕ್ಯಾನರ್ 30 ತೋರಿಸುವಾಗಲೇ ಪೈಪ್ ಬೆಚ್ಚಗಾಗಿತ್ತು. 40ಕ್ಕೆ ಇನ್ನೂ ಬೆಚ್ಚಗೆ. ಎಂಜಿನ್ ಜೊತೆಜೊತೆಗೇ ರೇಡಿಯೇಟರ್ ಕೂಡ ಕಾಯುತ್ತಿತ್ತು.

ಅದೇ ದಿನ ಓಡಿಸಿ ನೋಡಿದೆ. ಹೆಬ್ಬಾಳದಲ್ಲಿ 79. ಎತ್ತರದ ರಸ್ತೆಯಲ್ಲಿ 63. ಇಂಥ ಹೊತ್ತಿನಲ್ಲಿ ಹಲವು ಕಾರುಗಳು ತಾವೇ ಪಿ0128 ಅನ್ನೋ ಕೋಡ್ ಬರೆದಿಟ್ಟುಕೊಳ್ಳುತ್ತವೆ. ಕೂಲಂಟ್ ಇರಬೇಕಾದಷ್ಟು ಬಿಸಿ ಇಲ್ಲ ಅಂತ ಅದರ ಅರ್ಥ. ನನ್ನದು ಬರೆದಿರಲಿಲ್ಲ, ಆದರೆ ಬೇಕಾದ ಸಾಕ್ಷಿ ಸಿಕ್ಕಿತ್ತು.

ಮೆಕ್ಯಾನಿಕ್ ಕೂಲಂಟ್ ಇಳಿಸಿ ಎರಡು ಬೋಲ್ಟ್ ಬಿಚ್ಚಿದರು. ಒಳಗಿನಿಂದ ಬಂದದ್ದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಅದೊಂದು ಬರೀ ಬಳೆ. ರಬ್ಬರ್ ಅಂಚು, ಹಿತ್ತಾಳೆ ಸುತ್ತು, ಅಷ್ಟೇ. ಮೇಣದ ಡಬ್ಬಿ ಇಲ್ಲ, ಸ್ಪ್ರಿಂಗ್ ಇಲ್ಲ, ಬಾಗಿಲೂ ಇಲ್ಲ. ಕಟರ್‌ನಲ್ಲಿ ಕತ್ತರಿಸಿದ ಒರಟು ತುದಿ ಬೆರಳಿಗೆ ಚುಚ್ಚುತ್ತಿತ್ತು. ಎತ್ತಿ ಹಿಡಿದರೆ ಅದರ ನಡುವಿನಿಂದ ಗ್ಯಾರೇಜಿನ ಬಲ್ಬ್ ಕಾಣುತ್ತಿತ್ತು. ಹಳೇ ಮಾಲೀಕರ ಕಾಲದಲ್ಲಿ ಯಾರೋ, ಎಂದೋ ಗಾಡಿ ಬಿಸಿಯಾದಾಗ, ಅದರ ಹೃದಯವನ್ನೇ ಕತ್ತರಿಸಿ ಕಳಿಸಿದ್ದರು.

ನಮ್ಮಲ್ಲಿ ಇದು ಹೊಸದಲ್ಲ. "ಥರ್ಮೋಸ್ಟಾಟ್ ಎಲ್ಲ ಚಳಿ ದೇಶಕ್ಕೆ ಸಾರ್, ನಮ್ಮೂರ ಸೆಕೆಗೆ ಬೇಡ" ಅನ್ನೋ ಮಾತು ನಾನೇ ಎಷ್ಟೋ ಸಲ ಕೇಳಿದ್ದೇನೆ. ಈ ಮಾತಿನ ಮೇಲೆ ನನಗೆ ತುಂಬಾ ಸಿಟ್ಟಿದೆ. ಪೂರ್ತಿ ತೆರೆದ ಥರ್ಮೋಸ್ಟಾಟ್ ಎಂಜಿನ್ನನ್ನು ತಣ್ಣಗಿಡಲು ಬೇಕಾದಷ್ಟು ಕೂಲಂಟನ್ನು ಬಿಟ್ಟೇ ಬಿಡುತ್ತದೆ, ಸೆಕೆಗಾಲದಲ್ಲಿ ಅದರಿಂದ ಯಾವ ಅಡ್ಡಿಯೂ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ಅದು ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ಅದನ್ನು ತೆಗೆದರೆ ಬಿಸಿ ಕೂಲಂಟ್ ರೇಡಿಯೇಟರ್ ಕಡೆ ಹೋಗದೆ ಅಡ್ಡದಾರಿ ಹಿಡಿದು ಗಾಡಿ ಇನ್ನೂ ಜಾಸ್ತಿ ಬಿಸಿಯಾಗಬಹುದು.

ತಣ್ಣಗಿನ ಎಂಜಿನ್ ಮಾಡುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಇನ್ನೂ ಬಿಸಿಯಾಗಿಲ್ಲ ಅಂತ ಕಂಪ್ಯೂಟರ್ ಜಾಸ್ತಿ ಡೀಸೆಲ್ ಕೊಡುತ್ತಲೇ ಇರುತ್ತದೆ. ಆಯಿಲ್ ಸೇರಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ನನ್ನ ಗಾಡಿಯ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕೂತಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆಯ ಮಿತಿ ಬಿಗಿ ಮಾಡಿದ ನಿಯಮ) ಡೀಸೆಲ್ ಕಾರುಗಳಿಗೆ ಇದು ಇನ್ನೂ ದುಬಾರಿ. ಅವುಗಳ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಹೊಗೆ 600 ಡಿಗ್ರಿ ಆಸುಪಾಸು ಕಾಯಬೇಕು. ಎಂಜಿನ್ ಸಾಕಷ್ಟು ಬಿಸಿಯಾಗದೆ ಕಂಪ್ಯೂಟರ್ ಆ ಕೆಲಸ ಶುರುವೇ ಮಾಡುವುದಿಲ್ಲ. ಕೆಲವು ನೂರು ರೂಪಾಯಿಯ ಬಿಡಿಭಾಗ ಕೆಟ್ಟರೆ ಸಾವಿರಾರು ರೂಪಾಯಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಹೊಸ ಥರ್ಮೋಸ್ಟಾಟನ್ನು ಜೆ.ಸಿ. ರೋಡ್‌ನಲ್ಲಿ ಕೊಂಡೆ. ಮೇಲೆ 88 ಅಂತ ಒತ್ತಿತ್ತು. ಹಾಕಿಸುವ ಮೊದಲು ಮನೆಯಲ್ಲಿ ಪಾತ್ರೆ ನೀರಿಗೆ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. 80ಕ್ಕೆ ಏನೂ ಇಲ್ಲ. 85ಕ್ಕೂ ಇಲ್ಲ. 88 ದಾಟುತ್ತಲೇ ಕೂದಲೆಳೆಯಷ್ಟು ಸಂದು ಕಂಡಿತು. ಆಮೇಲೆ ಅದು ನೋಡನೋಡುತ್ತಿದ್ದಂತೆ ಅಗಲವಾಯಿತು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಬಾಗಿಲು ಪೂರ್ತಿ ತೆರೆಯಲು 100 ದಾಟಬೇಕು. ಆದ್ದರಿಂದ ಪಾತ್ರೆಯಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆರೆದು ನಿಂತಿತು. ಕಾರಿನಲ್ಲಿ ಕೂಲಂಟ್ ಒತ್ತಡದಲ್ಲಿರುತ್ತದೆ, ಕುಕ್ಕರ್‌ನ ಹಾಗೆ. ಅಲ್ಲಿ 100 ದಾಟಿದರೂ ಕುದಿಯುವುದಿಲ್ಲ.

ಮರುದಿನ ಬೆಳಿಗ್ಗೆ ಅದೇ ದಾರಿ. ಮೇಖ್ರಿ ಸರ್ಕಲ್ ಹತ್ತಿರ 71. ಹೆಬ್ಬಾಳದ ಜಾಮ್‌ನಲ್ಲಿ 89. ಎತ್ತರದ ರಸ್ತೆಗೆ ಹತ್ತಿ ವೇಗ 80 ಮಾಡಿ ಫೋನ್ ಕಡೆ ಕಣ್ಣು ಹಾಯಿಸಿದೆ. 88. ಯಲಹಂಕ ದಾಟಿದ ಮೇಲೆ ಇನ್ನೊಮ್ಮೆ ನೋಡಿದೆ. 88.