‘ಕೂತ್ಕೋ’ ಅಂದಷ್ಟೂ ಮಕ್ಕಳು ಏಳುವುದೇಕೆ?

ಒಂದನೇ ಕ್ಲಾಸು, ಲೆಕ್ಕದ ಹೊತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ಕಿಟಕಿ ಹತ್ತಿರ ಹೋಗುತ್ತಾನೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಟೀಚರ್ ತಿರುಗಿ, "ಏಯ್, ಹೋಗಿ ಕೂತ್ಕೋ" ಎನ್ನುತ್ತಾರೆ. ಕೂರುತ್ತಾನೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಎದ್ದಿರುತ್ತಾನೆ. ಪಕ್ಕದ ಹುಡುಗನೂ ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ಎದ್ದ. ಇಷ್ಟು ಹೊತ್ತೂ ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ತಲೆ ಬಗ್ಗಿಸಿ ಲೆಕ್ಕ ಮಾಡುತ್ತಲೇ ಇದ್ದಾಳೆ. ಅವಳ ಕಡೆ ಟೀಚರ್ ಒಮ್ಮೆಯೂ ನೋಡಲಿಲ್ಲ.

1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತು ಜೊತೆಗಾರರು ಇಂಥದ್ದೇ ಒಂದನೇ ತರಗತಿಯಲ್ಲಿ ಕೂತು ಎಣಿಸಿದರು. ಎಷ್ಟು ಮಕ್ಕಳು ಏಳುತ್ತಾರೆ, ಟೀಚರ್ ಎಷ್ಟು ಸಲ 'ಕೂತ್ಕೋ' ಅನ್ನುತ್ತಾರೆ ಎಂದು. ಆಮೇಲೆ ಆ ಮಾತನ್ನು ಇನ್ನೂ ಜಾಸ್ತಿ ಹೇಳಲು ಟೀಚರ್‌ಗಳನ್ನು ಕೇಳಿಕೊಂಡರು. ಏಳುವುದೂ ಜಾಸ್ತಿಯಾಯಿತು! ಕೂತು ಕೆಲಸ ಮಾಡುವವರನ್ನು ಹೊಗಳಲು ಶುರುಮಾಡಿದ ಮೇಲೆ ಅದು ಇಳಿಯಿತು.

ಹೀಗೇಕೆ? ಯಾವುದಾದರೂ ವರ್ತನೆಯ ಬೆನ್ನಿಗೇ ನಮಗೆ ಬೇಕಾದ್ದು ಸಿಕ್ಕರೆ, ಆ ವರ್ತನೆ ಮತ್ತೆ ಮತ್ತೆ ಬರುತ್ತದೆ. ಇದನ್ನು ಪುನರ್ಬಲನ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಇಲಿಗೆ ಬೇಕಾಗಿದ್ದು ಕಾಳು. ಮಗುವಿಗೆ ಬೇಕಾಗಿರುವುದು ಹೆಚ್ಚಾಗಿ ದೊಡ್ಡವರ ಗಮನ. ಬೈಗುಳವೂ ಗಮನವೇ ಅಲ್ವಾ? ಟೀಚರ್ ತನ್ನ ಹೆಸರು ಕರೆದರು, ತನ್ನ ಕಡೆಯೇ ನೋಡಿದರು, ಇಡೀ ಕ್ಲಾಸು ತಿರುಗಿತು. ಸುಮ್ನೆ ಕೂತವಳಿಗೆ ಇದರಲ್ಲಿ ಒಂದೂ ಸಿಗಲಿಲ್ಲ.

ಇಲ್ಲಿ ಇನ್ನೊಂದು ಗಂಟು ಇದೆ. 'ಕೂತ್ಕೋ' ಅಂದ ತಕ್ಷಣ ಹುಡುಗ ಕೂರುತ್ತಾನಲ್ಲ, ಅದು ಟೀಚರ್‌ಗೆ ಸಿಗುವ ಬಹುಮಾನ. ಬೈದರೆ ಕೆಲಸ ಆಗುತ್ತದೆ ಎಂದು ಅವರಿಗೆ ಪ್ರತಿ ಸಲವೂ ಖಾತ್ರಿಯಾಗುತ್ತದೆ. ಎರಡು ನಿಮಿಷದ ನಂತರದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ ನಾನು ಟೀಚರ್‌ಗಳನ್ನು ದೂರುವುದಿಲ್ಲ. ಹುಡುಗನಷ್ಟೇ ಅವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ.

ಹಾಗಾದರೆ ಗೋಡೆಗೆ ನಿಯಮಗಳ ಪಟ್ಟಿ ಅಂಟಿಸಿದರೆ? ಅದೇ ವರ್ಷ ಮ್ಯಾಡ್ಸನ್, ಬೆಕರ್ ಅದನ್ನೂ ನೋಡಿದರು. ಬರೀ ನಿಯಮದಿಂದ ಏನೂ ಹೆಚ್ಚು ಬದಲಾಗಲಿಲ್ಲ. ಸಣ್ಣಪುಟ್ಟ ತಂಟೆಯನ್ನು ಕಂಡೂ ಕಾಣದಂತೆ ಬಿಟ್ಟು, ಒಳ್ಳೆಯ ನಡತೆಯನ್ನು ಆಗಿಂದಾಗಲೇ ಮೆಚ್ಚಿದಾಗ ಕ್ಲಾಸು ಹದಕ್ಕೆ ಬಂತು.

ಮೆಚ್ಚುವುದಕ್ಕೂ ಒಂದು ರೀತಿ ಇದೆ. "ಜಾಣ" ಎಂದರೆ ಯಾವುದಕ್ಕೆ ಎಂದು ಮಗುವಿಗೆ ತಿಳಿಯುವುದಿಲ್ಲ. "ಎದ್ದೇಳದೆ ಮೂರು ಲೆಕ್ಕ ಮುಗಿಸಿದೆಯಲ್ಲ" ಎಂದರೆ ತಿಳಿಯುತ್ತದೆ. ದೊಡ್ಡ ಮಕ್ಕಳಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದು ಮುಜುಗರ. ಅವರಿಗೆ ಬೆಂಚಿನ ಪಕ್ಕ ನಿಂತು ಮೆಲ್ಲಗೆ ಹೇಳಿದರೆ ಸಾಕು.

ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ತಂಟೆ ಕಡಿಮೆಯಾಗುವ ಬದಲು ಏರುವುದುಂಟು. ಸ್ವಿಚ್ ಒತ್ತಿದರೂ ದೀಪ ಹತ್ತದಿದ್ದರೆ ನಾವು ನಾಲ್ಕು ಸಲ ಜೋರಾಗಿ ಒತ್ತುತ್ತೇವಲ್ಲ, ಹಾಗೆ. ಎಷ್ಟೋ ಜನ ಕೈಬಿಡುವುದು ಇಲ್ಲೇ. ಆಗ ಸೋತು ಬೈದರೆ, ಇನ್ನೂ ಜೋರಾಗಿ ಗಲಾಟೆ ಮಾಡಿದರೆ ಸಿಗುತ್ತದೆ ಎಂದು ನಾವೇ ಕಲಿಸಿದಂತೆ. ಹೊಡೆದಾಟ, ಇನ್ನೊಂದು ಮಗುವನ್ನು ಹಂಗಿಸುವುದು, ಇವನ್ನು ಮಾತ್ರ ಕಂಡೂ ಕಾಣದಂತೆ ಬಿಡಬಾರದು. ತಕ್ಷಣ ತಡೆಯಲೇಬೇಕು.

ಎಲ್ಲ ಮಕ್ಕಳಿಗೂ ಬೇಕಾದ್ದು ಗಮನವೇ ಅಲ್ಲ. ಓದಲು ಬಾರದ ಮಗು, ಓದುವ ಸರದಿ ಬರುವ ಹೊತ್ತಿಗೆ ಸರಿಯಾಗಿ ತಂಟೆ ತೆಗೆಯುತ್ತದೆ. ಅದನ್ನು ಹೊರಗೆ ನಿಲ್ಲಿಸಿದರೆ ಶಿಕ್ಷೆ ಕೊಟ್ಟೆವು ಎಂದು ನಾವು ಅಂದುಕೊಳ್ಳುತ್ತೇವೆ. ಮಗುವಿಗೆ ಅದು ಬಿಡುಗಡೆ. ಅದಕ್ಕೆ ಬೇಕಿರುವುದು ಓದಲು ಸಹಾಯ. ಹಾಗಾಗಿ ಏನನ್ನೂ ಮಾಡುವ ಮೊದಲು, ತಂಟೆಗೆ ಮುಂಚೆ ಏನಾಯಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು ಎಂದು ನೋಡಬೇಕು. ನನ್ನ ಪ್ರಕಾರ ಈ ವಿಧಾನದ ಜೀವಾಳವೇ ಇದು.

ಸ್ಟಿಕ್ಕರ್, ಚಾಕೊಲೇಟು, ಪಾಯಿಂಟ್‌ಗಳ ಬಗ್ಗೆ ಮಾತ್ರ ಸ್ವಲ್ಪ ಹುಷಾರು. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ, ಕೊಟ್ಟರು. ಒಂದೆರಡು ವಾರದ ಬಳಿಕ ಆ ಮಕ್ಕಳು ಚಿತ್ರ ಬಿಡಿಸುತ್ತಿದ್ದ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಮೊದಲೇ ಹೇಳದೆ, ಬಿಡಿಸಿದ ಮೇಲೆ ಸರ್ಟಿಫಿಕೇಟ್ ಪಡೆದ ಮಕ್ಕಳಲ್ಲಿ ಹೀಗಾಗಲಿಲ್ಲ. ತಾನಾಗಿ ಖುಷಿಯಿಂದ ಮಾಡುವ ಕೆಲಸಕ್ಕೆ ಬಹುಮಾನದ ಆಸೆ ತೋರಿಸುವುದು ಬೇಡ. ಶುರುವೇ ಆಗದ ಕೆಲಸಕ್ಕೆ ಆರಂಭದಲ್ಲಿ ಕೊಟ್ಟು, ಮೆಲ್ಲಗೆ ಕಡಿಮೆ ಮಾಡುತ್ತಾ ಬರಬಹುದು.

ಬೈಗುಳ, ಮೆಚ್ಚುಗೆಯ ಈ ಮಾತನ್ನು ಪರೀಕ್ಷಿಸಲು ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ದಿನಾ ಒಂದೇ ಪಿರಿಯಡ್‌ನಲ್ಲಿ, ಬೈದಾಗಲೆಲ್ಲ ಎಡಕ್ಕೊಂದು ಗೀಟು, ಮೆಚ್ಚಿದಾಗಲೆಲ್ಲ ಬಲಕ್ಕೊಂದು. ಮಕ್ಕಳು ಎಷ್ಟು ಸಲ ಎದ್ದರು ಎಂಬುದನ್ನು ಕೆಳಗೆ ಬರೆಯಿರಿ. ಮೊದಲ ವಾರ ಸುಮ್ನೆ ಎಣಿಸಿ, ಏನನ್ನೂ ಬದಲಿಸಬೇಡಿ. ಎರಡನೇ ವಾರ, ಮುಂದಿನ ಸಾಲಿನ ಆ ಹುಡುಗಿಯಿಂದ ಶುರುಮಾಡಿ.