ಎಸ್ಸೆಸ್ಸೆಲ್ಸಿ ಆದ್ಮೇಲೆ ದಾರಿ ಎರಡೇ ಏಕಾಯಿತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತುಮಕೂರು ಜಿಲ್ಲೆಯ ಯಾವ ಊರಿಗೆ ಹೋದರೂ ಕಿವಿಗೆ ಬೀಳುವುದು ಒಂದೇ ಮಾತು: ‘ಸೈನ್ಸಾ, ಕಾಮರ್ಸಾ?’ ಅಂಕ ಕಡಿಮೆಯಾದವರಿಗೆ ಆರ್ಟ್ಸ್, ಇನ್ನೂ ಕಡಿಮೆಯಾದರೆ ಐಟಿಐ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ, ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್, ತಿಪಟೂರಿನಲ್ಲಿ ದೇಶಕ್ಕೇ ಹೆಸರಾದ ಕೊಬ್ಬರಿ ಮಾರುಕಟ್ಟೆ ಇರುವ ಜಿಲ್ಲೆಯಿದು. ಆದರೂ ಮಕ್ಕಳ ಮುಂದಿನ ಪಟ್ಟಿ ಬೆಳೆದಿಲ್ಲ.

ಸರ್ಕಾರಕ್ಕೆ ಇದು ಹೊಳೆದಿರಲಿಲ್ಲ ಎನ್ನುವಂತಿಲ್ಲ. ಪ್ರೌಢಶಿಕ್ಷಣದ ಬಗ್ಗೆ ಕೇಂದ್ರ ನೇಮಿಸಿದ್ದ 1952-53ರ ಮುದಲಿಯಾರ್ ಆಯೋಗವೇ ಪ್ರೌಢಶಾಲೆಯಲ್ಲಿ ಬಗೆಬಗೆಯ ಕೋರ್ಸುಗಳಿರಲಿ, ದಾರಿ ತೋರಿಸಲು ತರಬೇತಾದ ಮಾರ್ಗದರ್ಶಕರಿರಲಿ ಎಂದಿತ್ತು. 1954ರಲ್ಲಿ ಅದಕ್ಕೆಂದೇ ದೆಹಲಿಯಲ್ಲಿ ಕೇಂದ್ರ ಕಚೇರಿಯೂ ಬಂತು. ಹಳ್ಳಿಯ ಹೈಸ್ಕೂಲಿಗೆ ಮಾತ್ರ ಆ ಮಾರ್ಗದರ್ಶಕ ಬರಲಿಲ್ಲ. ಜನಗಣತಿ, ಚುನಾವಣೆ ಕೆಲಸಗಳ ಜೊತೆ ಅದೂ ಮೇಷ್ಟ್ರ ತಲೆಗೇ ಬಿತ್ತು.

ಎಪ್ಪತ್ತರ ದಶಕದ ಕೊನೆಗೆ ಪಿಯು ಹಂತದಲ್ಲಿ ಜೆಓಸಿ, ಅಂದರೆ ಕಸುಬು ಕಲಿಸುವ ‘ಜಾಬ್ ಓರಿಯೆಂಟೆಡ್ ಕೋರ್ಸ್’ ಬಂತು. 1995ರ ಹೊತ್ತಿಗೆ ಪಿಯು ಮಟ್ಟದ ಶೇ 25ರಷ್ಟು ಮಕ್ಕಳು ವೃತ್ತಿ ಶಿಕ್ಷಣದತ್ತ ಬರಬೇಕೆಂಬುದು 1986ರ ರಾಷ್ಟ್ರೀಯ ನೀತಿಯ ಗುರಿ. ಅದು ಕಾಗದದಲ್ಲೇ ಉಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಜೆಓಸಿ ಎಂದರೆ ಸೈನ್ಸ್ ಸಿಗದವರು ಹೋಗುವ ಜಾಗ ಎಂದು ಊರೇ ತೀರ್ಮಾನಿಸಿತ್ತು. ಮುಂದೆ ಡಿಗ್ರಿಗೆ ಸೇರುವುದು ಹೇಗೆಂದು ಹೇಳುವವರೂ ಇರಲಿಲ್ಲ. ಕೊನೆಗೆ ಕೋರ್ಸೇ ಮುಚ್ಚಿತು. ಪಾಠ ಮಾಡುತ್ತಿದ್ದವರನ್ನು ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ಕಾಯ್ದೆ ಬಂತು. ಮೇಷ್ಟ್ರುಗಳ ಗತಿಯನ್ನು ಯೋಚಿಸಿದ ಸರ್ಕಾರಕ್ಕೆ ಆ ಮಕ್ಕಳು ಎಲ್ಲಿ ಹೋದರೆಂದು ಕೇಳಬೇಕೆನಿಸಲಿಲ್ಲ.

ಹೇಳುವವರಿಲ್ಲದಾಗ ಜನ ಕಣ್ಣಿಗೆ ಕಂಡದ್ದನ್ನು ನಂಬುತ್ತಾರೆ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಐಟಿಐ ಮುಗಿಸಿದವನಿಗೆ ಮರ್ಯಾದೆಯಿತ್ತು. ‘ಎಚ್‌ಎಂಟಿಯಲ್ಲಿದ್ದಾನೆ’ ಎಂದರೆ ಹೆಣ್ಣು ಕೊಡುವವರು ಎರಡನೇ ಮಾತಾಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿ ಅಂಕಗಳ ಮೇಲೆ, ಲಂಚವಿಲ್ಲದೆ ಮೇಷ್ಟ್ರುಗಳನ್ನು ತೆಗೆದುಕೊಂಡರು. ಬಡವರ ಮನೆಯ ಹುಡುಗಿಗೂ ಕೆಲಸ ಸಿಕ್ಕಿತು. ಮನೆಮನೆಯಲ್ಲೂ ಪ್ರಾಥಮಿಕ ಶಾಲೆ ಮೇಷ್ಟ್ರಾಗಲು ಬೇಕಾದ ಟಿಸಿಎಚ್ ತರಬೇತಿಯ ಮಾತು. ಅದೇ ತರಬೇತಿ ಕೊಡುವ ಡಿ.ಎಡ್ ಕಾಲೇಜುಗಳು ಸಾಲುಸಾಲಾಗಿ ಎದ್ದವು. ಆ ನೇಮಕಾತಿ ಒಳ್ಳೆಯದೇ, ಆದರೆ ಅದು ಪ್ರತಿ ವರ್ಷ ನಡೆಯುವುದಿಲ್ಲ ಎಂದು ಸೇರಿಕೊಳ್ಳುವವರಿಗೆ ಯಾರೂ ಹೇಳಲಿಲ್ಲ. ಮೇಷ್ಟ್ರಾಗಲು ಟಿಇಟಿ ಎಂಬ ಅರ್ಹತಾ ಪರೀಕ್ಷೆ ಬಂತು, ಹುದ್ದೆಗಳು ಇಳಿದವು, ಕಾಲೇಜುಗಳು ಖಾಲಿಯಾದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ತೀರ್ಮಾನಿಸಿತು. 1994ರಲ್ಲಿ ಸಿಇಟಿ ಶುರುವಾದಾಗಿನಿಂದ ಬೆಳೆಯುತ್ತಾ ಬಂದಿದ್ದ ಎಂಜಿನಿಯರಿಂಗ್ ಕನಸೊಂದೇ ಉಳಿಯಿತು.

ಈಗಿನ ಕಥೆ ಸ್ವಲ್ಪ ಬೇರೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದಲೇ ಆಟೊಮೊಬೈಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್ ಕಲಿಸುತ್ತಾರೆ. ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಪಿಯು ಸೈನ್ಸ್‌ನಲ್ಲಿ ತಿಣುಕಾಡುವ ಎಷ್ಟೋ ಮಕ್ಕಳಿಗೆ ಇದೇ ಸಲೀಸಾದ ದಾರಿ. ಅಪ್ಪ-ಅಮ್ಮಂದಿರಿಗೆ ಇದು ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ಪಿಯು ಫೀಸು ಕಟ್ಟಿ ಆಗಿರುತ್ತದೆ.

ಕಾರ್ಖಾನೆ ಬಂದ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂದುಕೊಳ್ಳುವುದೂ ತಪ್ಪು. ಸುಮಾರು 13,000 ಎಕರೆಯ ಪಾವಗಡದ ಪಾರ್ಕ್ ನಡೆಯಲು ಬೇಕಾದ ಜನ ಕಡಿಮೆ. ಭೂಮಿ ಗುತ್ತಿಗೆ ಕೊಟ್ಟ ಊರುಗಳವರಿಗೆ ಸಿಕ್ಕಿದ್ದು ಹೆಚ್ಚಾಗಿ ಕಾವಲು, ಹುಲ್ಲು ತೆಗೆಯುವುದು, ಪ್ಯಾನೆಲ್ ತೊಳೆಯುವುದು. ಅಲ್ಲಿನ ಎಲೆಕ್ಟ್ರಿಕಲ್ ಕೆಲಸಕ್ಕೆ ಏನು ಓದಬೇಕೆಂದು ಪಾವಗಡದ ಪ್ರೌಢಶಾಲೆಗಳಲ್ಲೇ ಹೇಳಬೇಕಿತ್ತು.

ದೊಡ್ಡ ಯೋಜನೆಯನ್ನೇ ಕಾಯಬೇಕಿಲ್ಲ. ಶೈಕ್ಷಣಿಕ ಪ್ರವಾಸ ಎಂದರೆ ನಮಗೆ ಬೇಲೂರು, ಹಳೇಬೀಡು. ಹೋಗಲಿ, ಬೇಡವೆನ್ನುವುದಿಲ್ಲ. ಅದೇ ಬಸ್ಸು ಒಂದು ದಿನ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೂ, ತಿಪಟೂರಿನ ಹರಾಜು ಕಟ್ಟೆಗೂ ಹೋಗಬಹುದು. ಹತ್ತನೇ ತರಗತಿಗೆ ಹೊತ್ತು ಮೀರಿರುತ್ತದೆ, ಎಂಟರಲ್ಲೇ ಹೋಗಲಿ.