ಎಣಿಕೆಗೆ ಮೊದಲೇ ಆದ ರಾಜಿ

ಅಪಘಾತ ಪರಿಹಾರದ ದಾವೆಗಳನ್ನು ನಡೆಸುವ ವಕೀಲನಾದ ನಾನು ಕಕ್ಷಿದಾರರಲ್ಲಿ ಮೊದಲು ಕೇಳುವುದು ಆಸ್ಪತ್ರೆಯ ಮೊದಲ ದಿನದ ಚೀಟಿಯನ್ನು. ಕೆಲವು ವರ್ಷಗಳ ಹಿಂದೆ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಮಡಿಸಿಟ್ಟುಕೊಂಡು ನನ್ನ ಕಚೇರಿಗೆ ಬಂದಿದ್ದರು. ಶೀತಲಗೃಹದಲ್ಲಿ ಅಮೋನಿಯಾ ಸೋರಿ ಶ್ವಾಸಕೋಶ ಕೆಟ್ಟಿದ್ದ ಅವರ ಗಂಡ ಮೊದಲ ಮಹಡಿಗೆ ಹತ್ತಲಾರದೆ ಕೆಳಗೆ ಮೆಟ್ಟಿಲಿನ ಮೇಲೆಯೇ ಕುಳಿತಿದ್ದರು. ಚೀಟಿಯಲ್ಲಿ ‘ಉಸಿರಾಟದ ತೊಂದರೆ’ ಎಂದಷ್ಟೇ ಬರೆದಿತ್ತು. ಅಮೋನಿಯಾ ಎಂಬ ಒಂದು ಪದ ಅದರಲ್ಲಿಲ್ಲದ ಕಾರಣ ಆ ಪದವನ್ನು ರುಜುವಾತುಪಡಿಸುವುದರಲ್ಲೇ ನಮಗೆ ಎರಡು ವರ್ಷ ಕಳೆಯಿತು.

ಭೋಪಾಲದ ಪ್ರಕರಣದ ಕಡತಗಳನ್ನು ಓದುವಾಗಲೆಲ್ಲ ಆ ಮೆಟ್ಟಿಲು ನನ್ನ ಕಣ್ಣಮುಂದೆ ಬರುತ್ತದೆ, ಏಕೆಂದರೆ ಅಲ್ಲಿ ಇಂತಹ ಚೀಟಿ ಹಿಡಿದು ನಿಂತವರು ಲಕ್ಷಗಟ್ಟಲೆ ಜನ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ, ಅಮೆರಿಕ ಮೂಲದ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯ ಇ-610 ಎಂಬ ಟ್ಯಾಂಕಿಗೆ ನೀರು ಸೇರಿ, ಒಳಗಿದ್ದ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಕಾದು ಅನಿಲವಾಗಿ ಹೊರನುಗ್ಗಿತು. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಗಾಳಿಗಿಂತ ಭಾರವಾದ ಆ ಅನಿಲ ನೆಲಮಟ್ಟದಲ್ಲೇ ಹರಡಿ, ಕಾರ್ಖಾನೆಯ ಎದುರಿನ ಗುಡಿಸಲುಗಳಲ್ಲಿ ಮಲಗಿದ್ದವರನ್ನು ಮೊದಲು ಮುಟ್ಟಿತು. ಯಾವ ವಿಷಕ್ಕೆ ಚಿಕಿತ್ಸೆ ನೀಡಬೇಕೆಂಬುದೇ ಸ್ಪಷ್ಟವಿಲ್ಲದ ಆ ರಾತ್ರಿ, ಮುಂದೊಂದು ದಿನ ನ್ಯಾಯಾಲಯಕ್ಕೆ ಬೇಕಾಗುವ ದಾಖಲೆಗಳನ್ನು ಯಾರು ಬರೆದಿಡಬೇಕಿತ್ತು?

1985ರ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರವು ಸಂತ್ರಸ್ತರೆಲ್ಲರ ಪರವಾಗಿ ದಾವೆ ಹೂಡುವ ಹಕ್ಕನ್ನು ತಾನೊಂದೇ ವಹಿಸಿಕೊಂಡಿತು. ಅಮೆರಿಕದಲ್ಲಿ ಹೂಡಿದ್ದ ಮೊಕದ್ದಮೆಯನ್ನು ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ 1986ರಲ್ಲಿ ಭಾರತಕ್ಕೆ ಮರಳಿಸಿದರು. ಭೋಪಾಲದ ಜಿಲ್ಲಾ ನ್ಯಾಯಾಲಯ 350 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ವಿಧಿಸಿತು, ಹೈಕೋರ್ಟ್ ಅದನ್ನು 250 ಕೋಟಿಗೆ ಇಳಿಸಿತು, ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮೇಲ್ಮನವಿಯ ನಡುವೆಯೇ, 1989ರ ಫೆಬ್ರುವರಿ 14ರಂದು, ಇಡೀ ವ್ಯಾಜ್ಯ 47 ಕೋಟಿ ಡಾಲರುಗಳಿಗೆ ಇತ್ಯರ್ಥವಾಯಿತು.

ಆ ಮೊತ್ತಕ್ಕೆ ಆಧಾರವೇನೆಂದು ನ್ಯಾಯಾಲಯ ಅದೇ ವರ್ಷದ ಮೇ ತಿಂಗಳಲ್ಲಿ ವಿವರಿಸಿತು: ಸುಮಾರು 3,000 ಸಾವು, 30,000 ಮಂದಿಗೆ ಶಾಶ್ವತ ಊನ, 20,000 ಮಂದಿಗೆ ತಾತ್ಕಾಲಿಕ ಊನ. ಆದರೆ ಗಾಯಾಳುಗಳ ವೈದ್ಯಕೀಯ ಪರೀಕ್ಷೆ ಆಗಿನ್ನೂ ಮುಗಿದಿರಲಿಲ್ಲ. ಮುಂದೆ ಪರಿಹಾರ ಆಯುಕ್ತರ ಕಚೇರಿ ಒಪ್ಪಿಕೊಂಡ ಸಾವುಗಳೇ ಸುಮಾರು 5,300. ಪರಿಹಾರ ಪಡೆದವರ ಒಟ್ಟು ಸಂಖ್ಯೆ 5.7 ಲಕ್ಷ ದಾಟಿತು. ಗಾಯಾಳುಗಳಲ್ಲಿ ಬಹುತೇಕರಿಗೆ ಮೊದಲ ಕಂತಿನಲ್ಲಿ ಸಿಕ್ಕಿದ್ದು ತಲಾ 25,000 ರೂಪಾಯಿ. ನಮ್ಮ ವೃತ್ತಿಯಲ್ಲಿ ಒಬ್ಬನೇ ಗಾಯಾಳುವಿನ ಪ್ರಕರಣವನ್ನೂ ಊನದ ಪ್ರಮಾಣಪತ್ರ ಕೈಗೆ ಬರುವ ಮೊದಲು ರಾಜಿ ಮಾಡಿಕೊಳ್ಳುವುದಿಲ್ಲ. ಒಂದು ಊರಿಗೇ ಊರಿನ ವಿಷಯದಲ್ಲಿ ಹಾಗೆ ಮಾಡಿದ್ದು ತಪ್ಪು ಎಂದೇ ನನ್ನ ದೃಢವಾದ ಅಭಿಪ್ರಾಯ.

ಕಾನೂನು ಬೆಳೆಯಲಿಲ್ಲವೆಂದಲ್ಲ. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಎಂಬ ತೀವ್ರ ಗಂಧಕಾಮ್ಲ ಸೋರಿದ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠವು, ಅಪಾಯಕಾರಿ ಉದ್ಯಮ ನಡೆಸುವವರು ಯಾವ ವಿನಾಯಿತಿಯೂ ಇಲ್ಲದೆ ಹಾನಿಗೆ ಸಂಪೂರ್ಣ ಹೊಣೆ ಎಂಬ ತತ್ತ್ವವನ್ನು ಸ್ಥಾಪಿಸಿತು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ, ಕಾರ್ಖಾನೆಯ ತಪ್ಪನ್ನು ಸಾಬೀತುಪಡಿಸದೆಯೇ ಐದು ವರ್ಷಗಳೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. 2020ರ ಮೇ 7ರಂದು ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಎಂಬ ರಾಸಾಯನಿಕ ಸೋರಿದಾಗ ಹಸಿರು ನ್ಯಾಯಮಂಡಳಿ ಮರುದಿನವೇ 50 ಕೋಟಿ ಠೇವಣಿಗೆ ಆದೇಶಿಸಿತು. ಆದರೂ ಈ ವಿಷವೇ ನನ್ನ ಮೈಗೆ ಹಾನಿ ಮಾಡಿತೆಂದು ತೋರಿಸುವ ಭಾರ ಗಾಯಾಳುವಿನ ಮೇಲೆಯೇ ಉಳಿದಿದೆ. ಆದ್ದರಿಂದ ಸೋರಿಕೆಯಾದ ದಿನವೇ ಆಸ್ಪತ್ರೆಯ ಎಂ.ಎಲ್.ಸಿ. ಪುಸ್ತಕದಲ್ಲಿ, ಅಂದರೆ ಕಾನೂನು ಕ್ರಮಕ್ಕೆ ಸಂಬಂಧಿಸಿದ ಗಾಯಾಳುಗಳ ದಾಖಲೆಯಲ್ಲಿ, ರಾಸಾಯನಿಕದ ಹೆಸರು, ಸ್ಥಳ ಮತ್ತು ಹೊತ್ತನ್ನು ಬರೆಸಬೇಕೆಂದು ಕಾರ್ಮಿಕರ ಮನೆಯವರಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಭೋಪಾಲದ ಕ್ರಿಮಿನಲ್ ಮೊಕದ್ದಮೆಯ ಗತಿಯನ್ನು ಬಹುಪಾಲು ಓದುಗರು ಬಲ್ಲರು. 1996ರಲ್ಲಿ ಆರೋಪವನ್ನು ನಿರ್ಲಕ್ಷ್ಯದ ಕಲಮಿಗೆ ಇಳಿಸಲಾಯಿತು. 2010ರಲ್ಲಿ ಏಳು ಮಂದಿಗೆ ಎರಡು ವರ್ಷಗಳ ಸಜೆಯಾಗಿ, ಅದೇ ದಿನ ಜಾಮೀನೂ ದೊರೆಯಿತು.

ರಾಜಿಯ ಪುನರ್ವಿಮರ್ಶೆಯ ತೀರ್ಪು ಅಷ್ಟು ಪ್ರಸಿದ್ಧವಲ್ಲ. 1991ರ ಅಕ್ಟೋಬರಿನ ಈ ತೀರ್ಪಿನಲ್ಲಿ ಬಹುಮತದ ಅಭಿಪ್ರಾಯವನ್ನು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಮೊತ್ತವನ್ನು ಎತ್ತಿಹಿಡಿದರೂ, ಹಣ ಸಾಲದೆ ಹೋದರೆ ಕೇಂದ್ರ ಸರ್ಕಾರವೇ ತುಂಬಿಕೊಡಬೇಕೆಂದು ಅದು ಹೇಳಿತು. ಇಂದು ರೋಗಲಕ್ಷಣವಿಲ್ಲದಿದ್ದರೂ ನಾಳೆ ಕಾಯಿಲೆ ಬೀಳಬಹುದಾದ ಸುಮಾರು ಒಂದು ಲಕ್ಷ ಜನರಿಗೆ ವೈದ್ಯಕೀಯ ವಿಮೆ ಮಾಡಿಸಬೇಕೆಂದೂ ನಿರ್ದೇಶಿಸಿತು. ಎಣಿಕೆಗೆ ಸಿಗದೆ ಉಳಿದವರಿಗಾಗಿ ತೆರೆದ ಬಾಗಿಲು ಅದೊಂದೇ ಆಗಿತ್ತು.

ಹೆಚ್ಚುವರಿ ಪರಿಹಾರ ಕೋರಿ ಕೇಂದ್ರವು 2010ರಲ್ಲಿ ಸಲ್ಲಿಸಿದ್ದ ಕ್ಯುರೇಟಿವ್ ಅರ್ಜಿಯನ್ನು, ಅಂದರೆ ಪುನರ್ವಿಮರ್ಶೆಯೂ ಮುಗಿದ ಮೇಲೆ ಉಳಿಯುವ ಕೊನೆಯ ಅರ್ಜಿಯನ್ನು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮಾರ್ಚ್ 14ರಂದು ವಜಾ ಮಾಡಿತು. ಆ ವಿಮಾ ಪಾಲಿಸಿಗಳನ್ನು ಸರ್ಕಾರ ಮಾಡಿಸಲೇ ಇಲ್ಲವೆಂಬುದನ್ನು ಪೀಠವು ತೀರ್ಪಿನಲ್ಲಿ ದಾಖಲಿಸಿ, ಅದನ್ನು ಘೋರ ನಿರ್ಲಕ್ಷ್ಯವೆಂದು ಕರೆಯಿತು.